ನಮ್ಮೂರ ಶಾಲೆಯನ್ನು ಅಳೆಯುವುದು ಹೇಗೆ?

ಕಳೆದ ಬೇಸಿಗೆಯಲ್ಲಿ ಹಾವೇರಿ ಸೀಮೆಯ ಹಳ್ಳಿಯೊಂದರಿಂದ ಒಕ್ಕಲುತನದ ದಂಪತಿಗಳು ತಮ್ಮ ಮಗಳನ್ನು ಕರೆದುಕೊಂಡು ನಮ್ಮನ್ನು ಕಾಣಲು ಬಂದಿದ್ದರು. ಹುಡುಗಿ ಊರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಐದನೆಯ ತರಗತಿಯನ್ನು ಮುಗಿಸಿದ್ದಳು. ಆರನೆಯ ತರಗತಿಗೆ ಅವಳನ್ನು ಅಲ್ಲಿಯೇ ಮುಂದುವರಿಸುವುದೋ, ಪಟ್ಟಣದ ಖಾಸಗಿ ಶಾಲೆಗೆ ಹಳದಿ ವಾಹನದಲ್ಲಿ ಕಳುಹಿಸುವುದೋ ಎಂಬುದು ಅವರ ಚಿಂತೆ. ಶುಲ್ಕಕ್ಕಾಗಿ ಸಾಲ ಮಾಡಲೂ ತಂದೆ ಸಿದ್ಧರಾಗಿದ್ದರು. ತಾಯಿ ಬಹಳ ಹೊತ್ತು ಸುಮ್ಮನಿದ್ದು ಕೊನೆಗೆ ಒಂದು ಮಾತು ಕೇಳಿದರು: “ಗುರುಗಳ್ರ, ನಮ್ಮೂರ ಸಾಲಿ ಚಲೋ ಐತೋ ಇಲ್ಲೋ ಅಂತ ನಾವು ಹೆಂಗ ತಿಳ್ಕೊಳ್ಳೋದ್ರಿ? ನಾನಂತೂ ಓದಿದಾಕಿ ಅಲ್ಲ.”

ಈ ಸರಳ ಪ್ರಶ್ನೆಗೆ ನಾವು ಕೂಡಲೇ ಉತ್ತರಿಸಲಾಗಲಿಲ್ಲ. ಅದಕ್ಕೊಂದು ಕಾರಣವಿದೆ. ಅದನ್ನು ಓದುಗ ಬಂಧುಗಳಲ್ಲಿ ಮುಚ್ಚಿಡದೆ ಹೇಳುವುದೇ ಒಳಿತು.

ಹಲವು ವರ್ಷಗಳ ಹಿಂದೆ ಒಂದು ಸರ್ಕಾರಿ ಶಾಲೆಯ ವಾರ್ಷಿಕೋತ್ಸವಕ್ಕೆ ನಮ್ಮನ್ನು ಕರೆದಿದ್ದರು. ಸುಣ್ಣ ಬಳಿದ ಗೋಡೆಗಳು, ಬಾಗಿಲಿಗೆ ಮಾವಿನ ತೋರಣ, ಸ್ವಾಗತಗೀತೆ ಹಾಡಿದ ಮುದ್ದು ಮಕ್ಕಳು, ಕೇಳಿದೊಡನೆ ರಾಜಧಾನಿಗಳ ಹೆಸರನ್ನು ತಡೆಯಿಲ್ಲದೆ ಒಪ್ಪಿಸಿದ ನಾಲ್ವರು ಬಾಲಕರು. ನಾವು ಸಂತುಷ್ಟರಾಗಿ ಸಂದರ್ಶಕರ ಪುಸ್ತಕದಲ್ಲಿ “ಮಾದರಿ ಶಾಲೆ” ಎಂದು ಬರೆದು ಸಹಿ ಹಾಕಿ ಬಂದೆವು. ಮರುವರ್ಷ ಅದೇ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದ ಹುಡುಗನೊಬ್ಬ, ನಾವು ಪಾಠ ಹೇಳುವ ಉಚಿತ ಪ್ರಸಾದ ನಿಲಯಕ್ಕೆ ಸೇರಿದನು. ಮನೆಯಿಂದ ಅವನಿಗೊಂದು ಪತ್ರ ಬಂದಿತು. ಎರಡು ದಿನ ಅದನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ, ಮೂರನೆಯ ದಿನ ಯಾರೂ ಇಲ್ಲದ ಹೊತ್ತು ನೋಡಿ ನಮ್ಮ ಬಳಿ ಬಂದು ಓದಿಸಿಕೊಂಡನು. ಏಳು ವರ್ಷ ಶಾಲೆಗೆ ಹೋದ ಹುಡುಗನಿಗೆ ತಾಯಿಯ ಪತ್ರ ಓದಲು ಬರುತ್ತಿರಲಿಲ್ಲ. ವಾರ್ಷಿಕೋತ್ಸವದ ದಿನ ಅವನು ಎಲ್ಲಿದ್ದೆಯೆಂದು ಕೇಳಿದೆವು. “ಹಿಂದ ಕುರ್ಚಿ ಹೊರಾಕ ನಿಂತಿದ್ದೆ” ಎಂದನು.

ನಮ್ಮ ಸಹಿಯ ಬೆಲೆ ನಮಗೆ ಅಂದು ತಿಳಿಯಿತು. ಬೆಳ್ಳಗಿರುವುದೆಲ್ಲ ಹಾಲಲ್ಲವೆಂದು ಪುರಾಣದಲ್ಲಿ ಜನರಿಗೆ ಹೇಳುತ್ತಿದ್ದ ನಾವೇ ಸುಣ್ಣದ ಬಿಳುಪಿಗೆ ಮೋಸಹೋಗಿದ್ದೆವು. ಆದುದರಿಂದ ಆ ದಂಪತಿಗಳಿಗೆ, “ಶಾಲೆ ಆರಂಭವಾಗಲಿ. ಉತ್ಸವವಿಲ್ಲದ ಒಂದು ದಿನ ಎಲ್ಲರೂ ಹೋಗಿ ನೋಡೋಣ. ಆಮೇಲೆ ನಿರ್ಧರಿಸಿರಿ” ಎಂದೆವು.

ಈ ಮೂರು ವರ್ಷಗಳ ಮಹತ್ವ

ಆರು, ಏಳು, ಎಂಟನೆಯ ತರಗತಿಗಳನ್ನು ನಮ್ಮ ಹಿರಿಯರು ಬಹಳ ಗೌರವದಿಂದ ಕಾಣುತ್ತಿದ್ದರು. ಹಳೆಯ ಮೈಸೂರಿನಲ್ಲಿ ಇದು ‘ಮಿಡ್ಲ್ ಸ್ಕೂಲ್’. ಮುಂಬಯಿ ಕರ್ನಾಟಕದಲ್ಲಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವರು ಶಾಲಾ ಶಿಕ್ಷಕರಾಗಿ, ತಲಾಠಿಗಳಾಗಿ ಊರಿಗೆ ಊರನ್ನೇ ನಡೆಸಿದ ಕಾಲವೊಂದಿತ್ತು. ಇಂದು ಆ ಗೌರವವೆಲ್ಲ ಎಸ್.ಎಸ್.ಎಲ್.ಸಿ.ಗೆ ಹೋಗಿದೆ. ನಡುವಿನ ತರಗತಿಗಳನ್ನು ಯಾರೂ ವಿಚಾರಿಸುವುದಿಲ್ಲ.

ಆದರೆ ಮಗು ಗೆಲ್ಲುವುದೂ ಸೋಲುವುದೂ ಬಹುಮಟ್ಟಿಗೆ ಇಲ್ಲಿಯೇ. ಐದನೆಯ ತರಗತಿಯವರೆಗೆ ಮಗು ಓದಲು ಕಲಿಯುತ್ತದೆ, ಆರರಿಂದ ಮುಂದೆ ಓದಿ ಕಲಿಯಬೇಕಾಗುತ್ತದೆ. ಭಿನ್ನರಾಶಿ, ಋಣಸಂಖ್ಯೆ, ಬೀಜಗಣಿತ ಇಲ್ಲಿ ಬರುತ್ತವೆ. ವಿಜ್ಞಾನ ಮತ್ತು ಸಮಾಜ ವಿಜ್ಞಾನಗಳು ಬೇರೆ ಬೇರೆ ವಿಷಯಗಳಾಗಿ ನಿಲ್ಲುತ್ತವೆ. ಆರನೆಯ ತರಗತಿಯಿಂದ ತೃತೀಯ ಭಾಷೆಯೂ ಸೇರುತ್ತದೆ. ಇದೇ ವಯಸ್ಸಿನಲ್ಲಿ ಹೆಣ್ಣುಮಕ್ಕಳು ದೊಡ್ಡವರಾಗುತ್ತಾರೆ, ಗಂಡುಮಕ್ಕಳನ್ನು ಕೂಲಿ ಕರೆಯುತ್ತದೆ. ಆದುದರಿಂದ ಈ ಹಂತದ ಶಾಲೆಯನ್ನು ಅಕ್ಷರಾಭ್ಯಾಸದ ಶಾಲೆಯಂತೆ ಅಳೆದರೂ ತಪ್ಪು, ಎಸ್.ಎಸ್.ಎಲ್.ಸಿ. ಫಲಿತಾಂಶದ ಫಲಕ ನೋಡಿ ಅಳೆದರೂ ತಪ್ಪು.

ಒಂದು ಮಂಗಳವಾರ

ಜೂನ್ ತಿಂಗಳ ಒಂದು ಮಂಗಳವಾರ ಮುಖ್ಯೋಪಾಧ್ಯಾಯಿನಿಯವರ ಅನುಮತಿ ಪಡೆದು ನಾವೂ ಆ ದಂಪತಿಗಳೂ ಶಾಲೆಯಲ್ಲಿ ದಿನವಿಡೀ ಕುಳಿತೆವು. ಗೋಡೆಯ ಬಣ್ಣ ಮಾಸಿತ್ತು. ಒಂದು ಕೊಠಡಿಯ ಹೆಂಚು ಸರಿದಿತ್ತು. ಅದನ್ನು ಕಂಡು ತಂದೆಯವರ ಮುಖ ಆಗಲೇ ಸಣ್ಣದಾಯಿತು. ತುಸು ತಾಳಿರೆಂದು ಹೇಳಿ ನಾವು ಒಳಗೆ ನಡೆದೆವು.

ಮೊದಲು ಓದು. ಏಳನೆಯ ತರಗತಿಯ ಕೊನೆಯ ಸಾಲಿನ ಮಕ್ಕಳನ್ನೇ ಕರೆದು, ಇನ್ನೂ ಪಾಠವಾಗದ ಪುಟವೊಂದನ್ನು ತೆರೆದುಕೊಟ್ಟೆವು. ಆದ ಪಾಠವನ್ನು ಓದಿಸಿದರೆ ಮಗು ನೆನಪಿನಿಂದ ಒಪ್ಪಿಸಬಹುದು, ಆಗದ ಪಾಠದಲ್ಲಿ ಕಣ್ಣೇ ಓದಬೇಕು. ಒಬ್ಬ ಕುರುಬರ ಹುಡುಗ ತಡವರಿಸುತ್ತ ಓದಿದರೂ, ಪುಸ್ತಕ ಮುಚ್ಚಿ ಅದರ ಸಾರವನ್ನು ತನ್ನ ಮಾತಿನಲ್ಲಿ ಚೆನ್ನಾಗಿ ಹೇಳಿದನು. ಇನ್ನೊಬ್ಬಳು ಸರಾಗವಾಗಿ ಓದಿದಳು, ಆದರೆ ಓದಿದ್ದೇನೆಂದು ಹೇಳಲಾರದೆ ಹೋದಳು. ಮೂರನೆಯವನಿಗೆ ಒತ್ತಕ್ಷರಗಳೇ ಬಾರದು. ಮೊದಲಿನವನ ಓದು ನಿಧಾನವಾದರೂ ಗಟ್ಟಿ. ಎರಡನೆಯವಳಿಗೆ ಬರಿಯ ಓದಿನ ಓಟವಿದೆ, ಅರ್ಥವಿಲ್ಲ. ಮೂರನೆಯವನಿಗೆ ಈಗಲೇ ಕೈಹಿಡಿಯುವವರು ಬೇಕು.

ಇದು ಈ ಒಂದು ಊರಿನ ಕಥೆಯಲ್ಲ. ಪ್ರಥಮ್ ಸಂಸ್ಥೆಯವರು 2005ರಿಂದ ಗ್ರಾಮೀಣ ಭಾರತದ ಮನೆಗಳಿಗೆ ಹೋಗಿ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಓದಿಸಿ ನೋಡುವ ‘ಅಸರ್’ ಸಮೀಕ್ಷೆಯನ್ನು ನಡೆಸುತ್ತ ಬಂದಿದ್ದಾರೆ. 2022ರ ಸಮೀಕ್ಷೆಯಲ್ಲಿ ದೇಶದ ಎಂಟನೆಯ ತರಗತಿಯ ಗ್ರಾಮೀಣ ಮಕ್ಕಳ ಪೈಕಿ ಎರಡನೆಯ ತರಗತಿಯ ಮಟ್ಟದ ಪಾಠವನ್ನು ಓದಬಲ್ಲವರು ನೂರಕ್ಕೆ ಸುಮಾರು 70 ಮಂದಿ. ಮೂರಂಕಿಯ ಸಂಖ್ಯೆಯನ್ನು ಒಂದಂಕಿಯಿಂದ ಭಾಗಿಸಬಲ್ಲವರು ಸುಮಾರು 45 ಮಂದಿ ಮಾತ್ರ. ಈ ಲೆಕ್ಕದಲ್ಲಿ ಸರ್ಕಾರಿ ಶಾಲೆಯ ಮಕ್ಕಳೂ ಇದ್ದಾರೆ, ಖಾಸಗಿ ಶಾಲೆಯ ಮಕ್ಕಳೂ ಇದ್ದಾರೆ. ಕೊರಳಪಟ್ಟಿ ಕಟ್ಟಿದ ಮಾತ್ರಕ್ಕೆ ಭಾಗಾಕಾರ ಬರುವುದಿಲ್ಲವೆಂಬುದನ್ನು ಬಂಧುಗಳು ಗಮನಿಸಬೇಕು.

ಬಳಿಕ ಲೆಕ್ಕ. “ಅರ್ಧ ರೊಟ್ಟಿ ತಿಂದು ಮತ್ತೆ ಕಾಲು ರೊಟ್ಟಿ ತಿಂದರೆ ಎಷ್ಟು ತಿಂದ ಹಾಗಾಯಿತು?” ಎಂದು ಕೇಳಿದೆವು. ಇಡೀ ತರಗತಿ “ಮುಕ್ಕಾಲು” ಎಂದು ಕೂಗಿತು. ಅದನ್ನೇ ಹಲಗೆಯ ಮೇಲೆ ಭಿನ್ನರಾಶಿಯಾಗಿ ಬರೆದು ಕೂಡಿಸಲು ಹೇಳಿದಾಗ ಹೆಚ್ಚಿನವರು ಮೇಲಿನದನ್ನು ಮೇಲಿನದಕ್ಕೂ ಕೆಳಗಿನದನ್ನು ಕೆಳಗಿನದಕ್ಕೂ ಕೂಡಿಸಿ ಆರರಲ್ಲಿ ಎರಡು ಎಂದು ಬರೆದರು. ಮಕ್ಕಳಲ್ಲಿ ಬುದ್ಧಿಗೆ ಕೊರತೆಯಿಲ್ಲ. ರೊಟ್ಟಿಯ ತಿಳಿವಳಿಕೆಯನ್ನು ಹಲಗೆಗೆ ತಂದುಕೊಡುವ ಗುರುವಿನ ಕೊರತೆಯಿದೆ. ವಿಚಾರಿಸಿದಾಗ ಗಣಿತ-ವಿಜ್ಞಾನದ ಶಿಕ್ಷಕರು ನಿವೃತ್ತರಾಗಿ ಒಂದೂವರೆ ವರ್ಷವಾಯಿತೆಂದೂ, ಆ ಹುದ್ದೆ ಖಾಲಿಯೆಂದೂ ತಿಳಿಯಿತು.

ಕಾನೂನು ಏನು ಹೇಳುತ್ತದೆ?

2009ರ ಶಿಕ್ಷಣ ಹಕ್ಕು ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಆರರಿಂದ ಎಂಟನೆಯ ತರಗತಿಗಳಿಗೆ ತರಗತಿಗೆ ಒಬ್ಬರಂತೆ ಶಿಕ್ಷಕರಿರಬೇಕು. ವಿಜ್ಞಾನ-ಗಣಿತ, ಸಮಾಜ ಅಧ್ಯಯನ, ಭಾಷೆ ಇವುಗಳಿಗೆ ಕನಿಷ್ಠ ಒಬ್ಬೊಬ್ಬರು ಇರಬೇಕು. 35 ಮಕ್ಕಳಿಗೆ ಒಬ್ಬರಾದರೂ ಬೇಕು. ವರ್ಷಕ್ಕೆ 220 ದಿನಗಳ ಕೆಲಸ, 1000 ಗಂಟೆಗಳ ಬೋಧನೆ ನಡೆಯಬೇಕು. ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಇವುಗಳ ಹೊರತು ಬೋಧನೆಯಲ್ಲದ ಬೇರೆ ಕೆಲಸಕ್ಕೆ ಶಿಕ್ಷಕರನ್ನು ಹಚ್ಚಬಾರದು. ಪ್ರವೇಶಕ್ಕಾಗಿ ಮಗುವನ್ನಾಗಲಿ ಪೋಷಕರನ್ನಾಗಲಿ ಪರೀಕ್ಷಿಸಿ ಆರಿಸುವಂತಿಲ್ಲ.

ಇವೆಲ್ಲ ಪೋಷಕರು ಶಾಲೆಯ ಕಚೇರಿಗೆ ಹೋಗಿ ವಿನಯದಿಂದ ಕೇಳಿ ತಿಳಿಯಬಹುದಾದ ಸಂಗತಿಗಳು. ಶಿಕ್ಷಕರನ್ನು ಹಳಿಯುವ ಮೊದಲು, ಅವರ ಎಷ್ಟು ಹೊತ್ತು ಪಾಠಕ್ಕೆ ಉಳಿಯುತ್ತದೆ, ಎಷ್ಟು ಹೊತ್ತು ಮೊಬೈಲಿನಲ್ಲಿ ಅಂಕಿಅಂಶ ತುಂಬುವುದರಲ್ಲಿ ಕಳೆಯುತ್ತದೆ ಎಂಬುದನ್ನೂ ಕೇಳಬೇಕು. ತಕ್ಕಡಿ ಹಿಡಿದವನು ಎರಡೂ ತಟ್ಟೆಗಳನ್ನು ನೋಡುವುದು ಧರ್ಮ.

ಕೆಂಪು ಶಾಯಿಯ ಸಾಕ್ಷಿ

ನಾವು ಏಳನೆಯ ತರಗತಿಯ ಮಕ್ಕಳಿಂದ ಹಿಂದಿನ ವರ್ಷದ ನೋಟುಬುಕ್ಕುಗಳನ್ನು ತರಿಸಿ ನೋಡಿದೆವು. ಶಾಲೆಯ ನಿಜವಾದ ಚರಿತ್ರೆ ಇರುವುದು ಮಕ್ಕಳ ನೋಟುಬುಕ್ಕಿನಲ್ಲಿಯೇ. ಎಲ್ಲ ಮಕ್ಕಳ ಉತ್ತರವೂ ಅಕ್ಷರಶಃ ಒಂದೇ ಆಗಿದ್ದರೆ ಅದು ಗೈಡಿನಿಂದಲೋ ಹಲಗೆಯಿಂದಲೋ ಇಳಿಸಿಕೊಂಡದ್ದು. ಪುಟಪುಟಕ್ಕೂ ಒಂದು ಗೀಟು ಎಳೆದು ಸಹಿ ಹಾಕಿದ್ದರೆ ಅದು ತಪಾಸಣೆಗೆ ಬರುವ ಅಧಿಕಾರಿಗಳಿಗಾಗಿ ಮಾಡಿದ್ದು. ತಪ್ಪಿನ ಕೆಳಗೆ ಗುರುತು ಹಾಕಿ, ಅದರ ಬದಿಗೆ ಮಗು ಮತ್ತೊಮ್ಮೆ ಸರಿಯಾಗಿ ಬರೆದಿದ್ದರೆ, ಅಲ್ಲಿ ಒಬ್ಬ ಗುರು ಇದ್ದಾನೆಂದು ತಿಳಿಯಬೇಕು. ಆ ಶಾಲೆಯ ಕನ್ನಡದ ನೋಟುಬುಕ್ಕುಗಳು ಈ ಮೂರನೆಯ ಬಗೆಯವು. ಗಣಿತದವುಗಳಲ್ಲಿ ದೀಪಾವಳಿಯ ಈಚೆಗೆ ಕೆಂಪು ಶಾಯಿಯೇ ಇರಲಿಲ್ಲ.

ನಮ್ಮ ರಾಜ್ಯದ ಶಾಲೆಗಳಲ್ಲಿ ವರ್ಷಾರಂಭಕ್ಕೆ ‘ಸೇತುಬಂಧ’ವೆಂಬ ಕಾರ್ಯಕ್ರಮ ನಡೆಯುತ್ತದೆ. ಹಿಂದಿನ ತರಗತಿಯ ಕಲಿಕೆ ಮಗುವಿನಲ್ಲಿ ಎಷ್ಟು ಉಳಿದಿದೆಯೆಂದು ಪರೀಕ್ಷಿಸಿ, ಕೊರತೆಯನ್ನು ತುಂಬಿ ಮುಂದಕ್ಕೆ ಒಯ್ಯುವುದು ಅದರ ಉದ್ದೇಶ. ಕೊರೋನಾ ಕಾಲದಲ್ಲಿ 2020ರ ಮಾರ್ಚಿನಿಂದ ಶಾಲೆಗಳು ಮುಚ್ಚಿದ್ದರಿಂದ ಆದ ನಷ್ಟವನ್ನು ತುಂಬಲು 2022-23ರಲ್ಲಿ ‘ಕಲಿಕಾ ಚೇತರಿಕೆ’ಯನ್ನೂ ಸರ್ಕಾರ ನಡೆಸಿತು. ಆದುದರಿಂದ ಪೋಷಕರು, “ಸೇತುಬಂಧದಲ್ಲಿ ನಮ್ಮ ಮಗುವಿಗೆ ಏನೇನು ಬರಲಿಲ್ಲ, ಅದಕ್ಕೆ ತಾವು ಏನು ಮಾಡಿದಿರಿ?” ಎಂದು ಕೇಳಬೇಕು. ಒಳ್ಳೆಯ ಶಿಕ್ಷಕರು ಈ ಪ್ರಶ್ನೆಗೆ ಸಿಟ್ಟಾಗುವುದಿಲ್ಲ. ಮಗುವಿನ ಹೆಸರು ಹಿಡಿದು ಉತ್ತರಿಸುತ್ತಾರೆ. ಆ ಮುಖ್ಯೋಪಾಧ್ಯಾಯಿನಿಯವರು ಪುಸ್ತಕ ತೆರೆಯದೆಯೇ ಹನ್ನೊಂದು ಮಕ್ಕಳ ಹೆಸರು ಹೇಳಿ, ಯಾರಿಗೆ ಏನು ಬಾರದೆಂಬುದನ್ನು ವಿವರಿಸಿದರು. ಒತ್ತಕ್ಷರ ಬಾರದ ಹುಡುಗನ ಹೆಸರೂ ಅವುಗಳಲ್ಲಿತ್ತು. ನಾವು ಮನಸ್ಸಿನಲ್ಲಿಯೇ ಅವರಿಗೆ ಶರಣೆಂದೆವು.

ಹೆಣ್ಣುಮಕ್ಕಳ ಹಾಜರಿ

ಮಧ್ಯಾಹ್ನ ಆ ತಾಯಿ ಶೌಚಾಲಯವನ್ನು ನೋಡಿಬಂದರು. ನಮಗೆ ಹೊಳೆಯದ ಸಂಗತಿ ಅವರಿಗೆ ಹೊಳೆದಿತ್ತು. ಹೆಣ್ಣುಮಕ್ಕಳ ಶೌಚಾಲಯವಿತ್ತು, ಬಾಗಿಲಿಗೆ ಚಿಲಕವೂ ಇತ್ತು. ಆದರೆ ನೀರಿನ ನಳ ಕೆಟ್ಟು ತಿಂಗಳುಗಳಾಗಿದ್ದವು. ಹಾಜರಿ ಪುಸ್ತಕವನ್ನು ನೋಡಿದಾಗ ಏಳನೆಯ ತರಗತಿಯ ಕೆಲವು ಹುಡುಗಿಯರು ತಿಂಗಳಿಗೆ ಮೂರು ನಾಲ್ಕು ದಿನ ತಪ್ಪದೆ ಗೈರುಹಾಜರಾಗಿದ್ದುದು ಕಂಡಿತು. ಕಾರಣವನ್ನು ಯಾರೂ ಬರೆದಿರಲಿಲ್ಲ. ಬರೆಯಬೇಕಾಗಿಯೂ ಇರಲಿಲ್ಲ. ಒಂದು ನಳದ ದುರಸ್ತಿಗೂ ಹುಡುಗಿಯೊಬ್ಬಳ ಬೀಜಗಣಿತಕ್ಕೂ ಇರುವ ಸಂಬಂಧವನ್ನು ನಮಗೆ ಆ ಅನಕ್ಷರಸ್ಥ ತಾಯಿ ಕಲಿಸಿದರು.

ಇನ್ನೊಂದು ಪುಸ್ತಕವನ್ನೂ ನೋಡಬೇಕು. ವರ್ಗಾವಣೆ ಪ್ರಮಾಣಪತ್ರ ಪಡೆದು ಹೋದ ಮಕ್ಕಳು ಎಂಟನೆಯ ತರಗತಿಗೆ ಎಲ್ಲಿ ಸೇರಿದರು? ಹಿಂದಿನ ವರ್ಷ ಏಳನ್ನು ಮುಗಿಸಿದ ಹತ್ತೊಂಬತ್ತು ಮಕ್ಕಳಲ್ಲಿ ಹದಿನೆಂಟು ಮಂದಿ ಪ್ರೌಢಶಾಲೆಗೆ ಸೇರಿದ್ದರು. ಉಳಿದ ಒಬ್ಬ ಹುಡುಗಿಯ ಮನೆಗೆ ಮುಖ್ಯೋಪಾಧ್ಯಾಯಿನಿಯವರು ಎರಡು ಸಲ ಹೋಗಿಬಂದಿದ್ದರು. ತನ್ನ ಅಂಗಳ ದಾಟಿಹೋದ ಮಗುವನ್ನೂ ವಿಚಾರಿಸುವ ಶಾಲೆಗೆ ಅಂಕ ಕೊಡುವ ನಮೂನೆ ಯಾವ ಇಲಾಖೆಯಲ್ಲಿಯೂ ನಮಗೆ ಕಂಡಿಲ್ಲ.

ಪಂಕ್ತಿ

ಬಿಸಿಯೂಟದ ಯೋಜನೆ 2002ರಲ್ಲಿ ಉತ್ತರ ಕರ್ನಾಟಕದ ಜಿಲ್ಲೆಗಳಲ್ಲಿ ಆರಂಭವಾದಾಗ ಅದಕ್ಕೆ ‘ಅಕ್ಷರ ದಾಸೋಹ’ವೆಂಬ ಹೆಸರು ಬಂದಿತು. ದಾಸೋಹವೆಂಬುದು ಶರಣರು ಕೊಟ್ಟ ಮಾತು. ಆ ಹೆಸರಿಟ್ಟ ಮೇಲೆ ಅದರ ಹೊಣೆಯೂ ನಮ್ಮ ಮನೆಗಳ ಮೇಲಿದೆ. ಎಲ್ಲ ಕೇರಿಗಳ ಮಕ್ಕಳೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆಯೇ, ಬಡಿಸುವ ಕೈ ಯಾರ ಬಳಿಯಾದರೂ ಹಿಂಜರಿಯುತ್ತದೆಯೇ ಎಂಬುದನ್ನು ನಾವು ನೋಡಿದೆವು. ಅಂದು ಎಲ್ಲರೂ ಬೆರೆತು ಕುಳಿತಿದ್ದರು. ನಮ್ಮ ಸಮಾಜದ ಮನೆಯೊಂದರ ಇಬ್ಬರು ಮಕ್ಕಳು ಮಾತ್ರ ಡಬ್ಬಿ ತಂದು ಬೇರೆ ಮೂಲೆಯಲ್ಲಿ ಉಣ್ಣುತ್ತಿದ್ದರು. ಅಡುಗೆ ಮಾಡುವಾಕೆ ಯಾರೆಂಬುದೇ ಕಾರಣವೆಂದು ತಿಳಿದು ನಾವು ತಲೆ ತಗ್ಗಿಸಿದೆವು. ಕಾಯಕ ಮಾಡಿದ ಕೈಯ ಜಾತಿ ಕೇಳುವ ಮನೆಗೆ ಶಾಲೆಯ ಗುಣವನ್ನು ಅಳೆಯುವ ಅರ್ಹತೆ ಎಲ್ಲಿಂದ ಬರುತ್ತದೆ? ಸಂಜೆ ಆ ಮನೆಗೂ ಹೋಗಿ ಮಾತಾಡಿದೆವು. ಸ್ವಾಗತ ಅಷ್ಟೇನೂ ಬೆಚ್ಚಗಿರಲಿಲ್ಲ.

ನಮ್ಮ ತೀರ್ಪು

ಸಂಜೆ ತಂದೆಯವರು, “ಒಟ್ಟಿನ್ಯಾಗ ಪಾಸೋ ಫೇಲೋ ಹೇಳ್ರಿ” ಎಂದರು. ಶಾಲೆಯನ್ನು ಒಂದು ಮಾತಿನಲ್ಲಿ ಪಾಸು ಮಾಡುವ ತಪ್ಪನ್ನು ನಾವು ಒಮ್ಮೆ ಮಾಡಿದ್ದೆವು. ಕಂಡದ್ದನ್ನು ಕಂಡಂತೆ ಹೇಳಿದೆವು. ಕನ್ನಡ ಗಟ್ಟಿಯಾಗಿದೆ, ಗಣಿತ ಬಡವಾಗಿದೆ. ಮುಖ್ಯೋಪಾಧ್ಯಾಯಿನಿಯವರು ಮಕ್ಕಳನ್ನು ಬಲ್ಲವರು. ನೀರಿಲ್ಲ, ಒಬ್ಬ ಶಿಕ್ಷಕರಿಲ್ಲ. ಇವೆರಡೂ ತುಂಬಬಹುದಾದ ಕೊರತೆಗಳು, ಮಕ್ಕಳನ್ನು ಬಲ್ಲ ಗುರುವನ್ನು ಮಾತ್ರ ಪೇಟೆಯಲ್ಲಿ ಕೊಳ್ಳಲಾಗದು.

ಪಟ್ಟಣದ ಶಾಲೆಯನ್ನೂ ಇದೇ ತಕ್ಕಡಿಯಲ್ಲಿ ತೂಗಬೇಕೆಂದೆವು. ಅಲ್ಲಿಯ ಕೊನೆಯ ಸಾಲಿನ ಮಗು ಹೇಗಿದೆ? ಇಂಗ್ಲಿಷಿನಲ್ಲಿ ಒಪ್ಪಿಸಿದ ಪಾಠದ ಅರ್ಥ ಮಗುವಿಗೆ ತಿಳಿದಿದೆಯೇ? ಮನೆಯಲ್ಲಿ ಓದಿಸುವವರಿರುವ ಮಕ್ಕಳನ್ನೇ ಕೂಡಿಸಿಕೊಂಡ ಶಾಲೆಯ ಅಂಕ ಹೆಚ್ಚಾಗುವುದು ಸಹಜ. ಬಂದವರನ್ನೆಲ್ಲ ಸೇರಿಸಿಕೊಳ್ಳುವ ಶಾಲೆ, ಏನೂ ಬಾರದ ಮಗುವನ್ನು ಎಲ್ಲಿಂದ ಎಲ್ಲಿಗೆ ಕರೆತಂದಿತು ಎಂಬುದನ್ನು ನೋಡಿದರೆ ಲೆಕ್ಕ ಬೇರೆಯಾಗುತ್ತದೆ. ಎರಡನ್ನೂ ನೋಡಿದ ಬಳಿಕ ಪಟ್ಟಣದ ಶಾಲೆಯೇ ಮೇಲೆಂದು ತೋರಿದರೆ ಅಲ್ಲಿಗೆ ಕಳುಹಿಸುವುದರಲ್ಲಿ ದೋಷವಿಲ್ಲ. ನೋಡದೆ ಕಳುಹಿಸುವುದು ದೋಷ.

ಇನ್ನೊಂದು ಮಾತನ್ನೂ ಹೇಳಿದೆವು. ಉಳ್ಳವರ ಮಕ್ಕಳು ಒಬ್ಬೊಬ್ಬರಾಗಿ ಹಳದಿ ವಾಹನ ಹತ್ತಿದರೆ ದಾಖಲಾತಿ ಕುಸಿಯುತ್ತದೆ. ದಾಖಲಾತಿ ಕುಸಿದರೆ ಇರುವ ಶಿಕ್ಷಕರೂ ‘ಹೆಚ್ಚುವರಿ’ಯೆಂದು ಬೇರೆ ಊರಿಗೆ ಹೋಗುತ್ತಾರೆ. ಆಮೇಲೆ ನಾವೇ “ಸರ್ಕಾರಿ ಸಾಲಿ ಕೆಟ್ಟಿತು” ಎನ್ನುತ್ತೇವೆ. ಮನೆಮನೆಗೂ ಕೊಳವೆಬಾವಿ ಬಂದ ಮೇಲೆ ಊರ ಬಾವಿಗೆ ಕಸ ತುಂಬಿದ್ದನ್ನು ನಾವೆಲ್ಲ ಕಂಡವರು. ಆ ಬಾವಿಯ ನೀರು ತಾನಾಗಿ ಕೆಡಲಿಲ್ಲ, ಸೇದುವವರಿಲ್ಲದೆ ಕೆಟ್ಟಿತು.

ಕಾಯಿದೆಯು ಪ್ರತಿ ಸರ್ಕಾರಿ ಶಾಲೆಗೂ ಒಂದು ಸಮಿತಿಯನ್ನು ಕೊಟ್ಟಿದೆ. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಪೋಷಕರು, ಅರ್ಧದಷ್ಟು ಮಹಿಳೆಯರು ಇರಬೇಕು. ಅದನ್ನೇ ನಾವು ಎಸ್.ಡಿ.ಎಂ.ಸಿ. ಎನ್ನುತ್ತೇವೆ. ಅನೇಕ ಊರುಗಳಲ್ಲಿ ಅದು ಧ್ವಜಾರೋಹಣದ ದಿನ ವೇದಿಕೆಯಲ್ಲಿ ಕೂರುವ ಸಮಿತಿಯಾಗಿದೆ. ಶಾಲೆಯನ್ನು ಅಳೆಯುವ ಅಧಿಕಾರವೂ, ಅಳೆದು ಕಂಡ ಕೊರತೆಯನ್ನು ತುಂಬುವ ಹೊಣೆಯೂ ಅದರದೇ.

ದಂಪತಿಗಳು ಪಟ್ಟಣದ ಶಾಲೆಯನ್ನೂ ನೋಡಿಬಂದರು. ಮಗಳು ಊರಿನ ಶಾಲೆಯಲ್ಲಿಯೇ ಆರನೆಯ ತರಗತಿಗೆ ಸೇರಿದಳು. ತಂದೆ ಸಮಿತಿಗೆ ಸೇರಿ, ಇತರ ಪೋಷಕರೊಡನೆ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ನಾಲ್ಕು ಸಲ ಹೋಗಿಬಂದರು. ನಳದಲ್ಲಿ ನೀರು ಬಂದಿತು. ಆಗಸ್ಟಿನಲ್ಲಿ ಗಣಿತಕ್ಕೆ ಒಬ್ಬ ಅತಿಥಿ ಶಿಕ್ಷಕಿ ಬಂದರು. ಕಾಯಂ ಹುದ್ದೆ ನಾವು ಇದನ್ನು ಬರೆಯುವಾಗಲೂ ಖಾಲಿಯೇ ಇದೆ. ಡಬ್ಬಿಯ ಇಬ್ಬರು ಮಕ್ಕಳಲ್ಲಿ ಕಿರಿಯವನು ಪಂಕ್ತಿಗೆ ಬಂದಿದ್ದಾನೆ, ಹಿರಿಯವನು ಇನ್ನೂ ಬಂದಿಲ್ಲ.

ಆ ತಾಯಿಯ ಪ್ರಶ್ನೆಗೆ ಉತ್ತರ ಅವರಿಂದಲೇ ದೊರೆಯಿತು. ಶ್ರಾವಣದಲ್ಲಿ ಬಂದಾಗ ಹೇಳಿದರು: “ದಿನಾ ರಾತ್ರಿ ಬುಕ್ಕು ತೆಗಸ್ತೀನ್ರಿ. ಓದಾಕ ನನಗ ಬರೂದಿಲ್ಲ. ಕೆಂಪು ಶಾಯಿ ಐತೋ ಇಲ್ಲೋ, ಅದರ ಬಾಜೂಕ ಮಗಳು ಮತ್ತ ಬರದಾಳೋ ಇಲ್ಲೋ, ಅಷ್ಟು ಕಾಣ್ತೈತ್ರಿ.”

ಅಷ್ಟು ಕಂಡರೆ ಬಹಳವಾಯಿತು. ಓದುಗ ಬಂಧುಗಳೇ, ಇಂದು ರಾತ್ರಿ ತಮ್ಮ ಮನೆಯ ಮಗುವಿನ ನೋಟುಬುಕ್ಕನ್ನು ಒಮ್ಮೆ ತೆಗೆಸಿರಿ. ಉತ್ಸವವಿಲ್ಲದ ಒಂದು ದಿನ ಊರಿನ ಶಾಲೆಗೆ ಹೋಗಿ ಕೊನೆಯ ಸಾಲಿನಲ್ಲಿ ಕುಳಿತುಕೊಳ್ಳಿರಿ. ತಮ್ಮ ಮಗು ಅಲ್ಲಿ ಓದುತ್ತಿರದಿದ್ದರೂ ಹೋಗಿರಿ. ಪತ್ರವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ಹುಡುಗ ಅಲ್ಲಿ ಇನ್ನೂ ಇದ್ದಾನು. ಶರಣು ಶರಣಾರ್ಥಿ.